ಮೈಯಲ್ಲಿ ಗಂಟು ಕಂಡಾಗ: ಮನೆಯಲ್ಲಿ ನೋಡಿಕೊಳ್ಳುವ, ಆಸ್ಪತ್ರೆಗೆ ಹೊರಡುವ ಕ್ರಮ

ಚಿಕ್ಕಮ್ಮ ತನ್ನ ರವಿಕೆಯ ಎಡಬದಿಯ ಹೊಲಿಗೆಯನ್ನು ಮಾತ್ರ ಬಿಚ್ಚಿ ಸಡಿಲ ಮಾಡಿಕೊಂಡಿದ್ದಳು. ಅದು ನನ್ನ ಕಣ್ಣಿಗೆ ಬಿದ್ದದ್ದು ಅಡಿಕೆ ಸುಲಿಯುತ್ತ ಕುಳಿತಿದ್ದ ಒಂದು ರಾತ್ರಿ. ಕೇಳಿದಾಗ ಮಾತು ತೇಲಿಸಿದಳು. ಮರುದಿನ ಬಚ್ಚಲುಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು. ಮಳೆಗಾಲಕ್ಕೆ ಮೊದಲು ಕಡಲೆಕಾಳಿನಷ್ಟಿದ್ದ ಗಂಟು ಅಷ್ಟು ಹೊತ್ತಿಗೆ ಅಡಿಕೆಗಿಂತ ದೊಡ್ಡದಾಗಿತ್ತು. "ನೋವೇ ಇರಲಿಲ್ಲವಲ್ಲೇ. ನೋವಿಲ್ಲದ್ದಕ್ಕೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ? ಕೊಯಿಲು ಮುಗಿಯಲಿ ಎಂದುಕೊಂಡೆ" ಎಂದಳು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಸ್ತನದ ಆ ಕ್ಯಾನ್ಸರ್ ಆಗಲೇ ಕಂಕುಳಿಗೆ ಇಳಿದಿತ್ತು. ಆಮೇಲೆ ಎರಡು ಮಳೆಗಾಲ ನೋಡಿದಳು, ಮೂರನೆಯದನ್ನು ನೋಡಲಿಲ್ಲ.

ಆಗ ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೆ. ಆಮೇಲಿನ ವರ್ಷಗಳಲ್ಲಿ ಮನೆ ಮನೆ ತಿರುಗುವಾಗ ನೂರಾರು ಗಂಟುಗಳನ್ನು ಮುಟ್ಟಿ ನೋಡಿದ್ದೇನೆ. ಹೆಚ್ಚಿನವು ಏನೂ ಮಾಡದ ಗಂಟುಗಳು. ಆದರೆ ತಡವಾಗಿ ಬಂದವರ ಬಾಯಲ್ಲಿ ನಾನು ಕೇಳಿದ್ದು ಪ್ರತಿಬಾರಿಯೂ ಚಿಕ್ಕಮ್ಮನ ಮಾತನ್ನೇ: ನೋವಿರಲಿಲ್ಲ. ನೋಯುವ ಗಂಟು ತಾನಾಗಿ ನಮ್ಮನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತದೆ. ನೋಯದ ಗಂಟಿಗೆ ನಾವೇ ದಿನ ಗೊತ್ತು ಮಾಡಬೇಕು. ಆ ದಿನವನ್ನು ಗೊತ್ತು ಮಾಡುವುದು ಹೇಗೆಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಗಂಟು ಯಾವುದೆಂದು ತೀರ್ಮಾನಿಸುವ ಕೆಲಸ ವೈದ್ಯರದು.

ಮೊದಲ ಹಂತ: ಇದು ಈಗಲೇ ಹೊರಡಬೇಕಾದದ್ದೇ?

ಕೆಲವು ಊತಗಳಿಗೆ ಬೆಳಗಾಗುವವರೆಗೂ ಕಾಯುವಂತಿಲ್ಲ. ತೊಡೆಯ ಸಂದಿಯಲ್ಲೋ ಹೊಕ್ಕುಳಲ್ಲೋ ಇಷ್ಟು ದಿನ ಮಲಗಿದರೆ ಒಳಗೆ ಹೋಗುತ್ತಿದ್ದ ಹರ್ನಿಯಾದ ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಒಳಗೆ ಹೋಗದೆ, ನೋವು ಮತ್ತು ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಒತ್ತಿ ಒಳಗೆ ತಳ್ಳಲು ಹೋಗಬೇಡಿ. ಹುಡುಗರಿಗೆ ವೃಷಣದಲ್ಲಿ ಹಠಾತ್ತಾಗಿ ತೀವ್ರ ನೋವು, ಊತ ಬಂದರೆ ಅದು ತಿರುಚಿಕೊಂಡಿರಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ರಾತ್ರಿಯಿಡೀ ಸಹಿಸಿಕೊಂಡು ಬೆಳಿಗ್ಗೆ ಬಾಯಿಬಿಡುವ ಹುಡುಗರಿದ್ದಾರೆ. ಗಂಡುಮಕ್ಕಳಿರುವ ಮನೆಯಲ್ಲಿ ಅಪ್ಪನಾದವನು ಈ ಮಾತನ್ನು ಮೊದಲೇ ಹೇಳಿಟ್ಟಿರಬೇಕು.

ಕುತ್ತಿಗೆ ಅಥವಾ ದವಡೆಯ ಕೆಳಗಿನ ಊತದ ಜೊತೆ ಉಸಿರಾಟಕ್ಕೆ ಕಷ್ಟ, ಜೊಲ್ಲು ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಕೆಂಪಗೆ ಬಿಸಿಯಾದ ಬಾವು ಗಂಟೆಗಂಟೆಗೂ ಹರಡುತ್ತ ಚಳಿಜ್ವರ ಬರುವುದು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಇವೂ ತುರ್ತಿನವೇ. 108ಕ್ಕೆ ಕರೆ ಮಾಡಿ. ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಯಾವ ತಿರುವಿನವರೆಗೆ ಬರಬಲ್ಲದು ಎಂಬುದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಲಿ.

ಎರಡನೆಯ ಹಂತ: ತಾರೀಖು ಬರೆಯಿರಿ, ಅಳತೆ ತೆಗೆಯಿರಿ

ತುರ್ತಿಲ್ಲವೆಂದಾದರೆ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲಿ. ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ, ಗಂಟು ಕಂಡ ದಿನದ ಚೌಕದಲ್ಲಿ ಒಂದು ಗುರುತು ಹಾಕಿ, ಗಾತ್ರ ಬರೆಯಿರಿ. ಮನೆಯವರಿಗೆ ಗೊತ್ತಾಗಬಾರದು ಎನಿಸಿದರೆ ಬರಿಯ ಒಂದು ಚುಕ್ಕೆ ಸಾಕು. ನನ್ನ ಅನುಭವದಲ್ಲಿ "ಯಾವಾಗಿನಿಂದ ಇದೆ?" ಎಂದರೆ ಜನ "ಮೊನ್ನೆ ಮೊನ್ನೆ" ಎನ್ನುತ್ತಾರೆ. ಕೆದಕಿ ಕೇಳಿದರೆ ಅದು ಹಿಂದಿನ ದೀಪಾವಳಿಗೆ ಹೋಗಿ ನಿಲ್ಲುತ್ತದೆ. ಸುಳ್ಳು ಹೇಳಬೇಕೆಂದೇನೂ ಇರುವುದಿಲ್ಲ, ದಿನಗಳು ಹಾಗೆ ಜಾರಿರುತ್ತವೆ.

ಗಾತ್ರವನ್ನು ಮಕ್ಕಳ ಸ್ಕೇಲಿನಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವುದು ಒಳ್ಳೆಯದು. ಆಗದಿದ್ದರೆ ನಮ್ಮ ಮನೆಯ ಅಳತೆಗಳೇ ಇವೆ. ಕಾಳುಮೆಣಸು ಸುಮಾರು ಅರ್ಧ ಸೆಂಟಿಮೀಟರ್, ಕಡಲೆಕಾಳು ಸುಮಾರು ಒಂದು, ಸುಲಿದ ಅಡಿಕೆ ಎರಡು ಎರಡೂವರೆ, ನಿಂಬೆಹಣ್ಣು ನಾಲ್ಕರಿಂದ ಐದು. ವಾರಕ್ಕೊಮ್ಮೆ, ವಾರದ ಅದೇ ದಿನ ಅಳೆಯಿರಿ. ಹೊರಗೆ ಕಾಣುವಂಥದ್ದಾದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ದಿನಕ್ಕೆ ಹತ್ತು ಸಲ ಹಿಸುಕಿ ನೋಡಬೇಡಿ. ಹಿಸುಕಿದ್ದರಿಂದಲೇ ಊತ, ನೋವು ಬಂದು, ಬೆಳೆದಿದೆಯೋ ನಾವೇ ಕೆರಳಿಸಿದೆವೋ ತಿಳಿಯದಂತಾಗುತ್ತದೆ.

ಮೂರನೆಯ ಹಂತ: ಬೆರಳಿನಿಂದ ತಿಳಿಯುವಷ್ಟನ್ನು ತಿಳಿಯಿರಿ

ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಮೆಲ್ಲಗೆ ಸುತ್ತು ಹಾಕುತ್ತ ಮುಟ್ಟಿ. ಮೊದಲು ಇನ್ನೊಂದು ಬದಿಯ ಅದೇ ಜಾಗವನ್ನು ಮುಟ್ಟಿ ಹೋಲಿಸಿ. ಕಿವಿಯ ಹಿಂದಿನ ಮೂಳೆಯ ಉಬ್ಬು ಎರಡೂ ಕಡೆ ಇರುತ್ತದೆ. ಎದೆಯ ನಡುಮೂಳೆಯ ಕೆಳತುದಿ ಸ್ವಲ್ಪ ತೆಳ್ಳಗಾದವರಿಗೆ ಕೈಗೆ ಸಿಗುತ್ತದೆ. "ಹೊಟ್ಟೆಯ ಮೇಲೆ ಗಟ್ಟಿ ಗಡ್ಡೆ ಬಂದಿದೆ" ಎಂದು ಅಳುತ್ತ ಬಂದವರಿಗೆ ಅವರ ಮೂಳೆಯನ್ನೇ ತೋರಿಸಿ ಕಳುಹಿಸಿದ್ದೇನೆ.

ಮೆತ್ತಗಿದ್ದು, ಬೆರಳು ತಾಗಿದರೆ ಚರ್ಮದ ಕೆಳಗೆ ಜಾರುವ, ವರ್ಷಗಟ್ಟಲೆ ಹೆಚ್ಚು ಬೆಳೆಯದ ಗಂಟು ಸಾಮಾನ್ಯವಾಗಿ ಕೊಬ್ಬಿನ ಗಡ್ಡೆ. ಬೆನ್ನು, ಭುಜ, ತೋಳುಗಳಲ್ಲಿ ಇದು ತೀರಾ ಸಾಮಾನ್ಯ, ಕೆಲವು ಮನೆತನಗಳಲ್ಲಿ ಹಲವರಿಗೆ ಬರುತ್ತದೆ. ಚರ್ಮಕ್ಕೆ ಅಂಟಿಕೊಂಡು, ನಡುವೆ ಕಪ್ಪು ಚುಕ್ಕೆಯಂಥ ರಂಧ್ರವಿದ್ದರೆ ಅದು ಚರ್ಮದ ಚೀಲದ ಗಂಟು. ಒಳಗೆ ಗಿಣ್ಣಿನಂಥ, ಕೆಟ್ಟ ವಾಸನೆಯ ಪದಾರ್ಥ ತುಂಬಿರುತ್ತದೆ. ಮಣಿಕಟ್ಟಿನ ಹಿಂಬದಿಯ ಗುಂಡನೆಯ ಗಂಟಿನಲ್ಲಿ ಅಂಟಾದ ದ್ರವವಿರುತ್ತದೆ, ಒಮ್ಮೊಮ್ಮೆ ತಾನೇ ಮಾಯವಾಗುತ್ತದೆ. ಭಾರವಾದ ಪುಸ್ತಕದಿಂದ ಗುದ್ದಿ ಒಡೆಯುವ ಹಳೆಯ ಪದ್ಧತಿ ಬೇಡ, ಮೂಳೆಗೂ ನರಕ್ಕೂ ಪೆಟ್ಟಾಗುತ್ತದೆ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದ ಜಾಗ ಹಲವು ದಿನ ತುರಿಸುವ ಸಣ್ಣ ಗಂಟಾಗಿ ಉಳಿಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಕಲ್ಲಿನಂತೆ ಗಟ್ಟಿ, ಅಂಚು ಒರಟು, ಒಳಗಿನ ಮಾಂಸಕ್ಕೋ ಮೂಳೆಗೋ ಕಚ್ಚಿಕೊಂಡು ಅಲುಗದು, ವಾರದಿಂದ ವಾರಕ್ಕೆ ಬೆಳೆಯುತ್ತಿದೆ, ನೋವು ಮಾತ್ರ ಇಲ್ಲ ಎಂದಾದರೆ ಕ್ಯಾಲೆಂಡರ್ ನೋಡುತ್ತ ಕೂರಬೇಡಿ, ಮುಂದಿನ ಬಸ್ಸಿಗೆ ಹೊರಡಿ. ಕೈಕಾಲಿನ ಆಳದಲ್ಲಿರುವ ಅಥವಾ ನಿಂಬೆಹಣ್ಣಿಗಿಂತ ದೊಡ್ಡದಾದ ಗಂಟನ್ನು ಮೆತ್ತಗಿದ್ದರೂ ತೋರಿಸಬೇಕು.

ಒಂದು ಎಚ್ಚರ. ಮೆತ್ತಗಿದೆ, ಜಾರುತ್ತದೆ ಎಂಬುದು ಸಮಾಧಾನದ ಲಕ್ಷಣ ಮಾತ್ರ. ಅದರ ಮೇಲೆ ಭಾರ ಹಾಕಿ ವರ್ಷಗಟ್ಟಲೆ ಸುಮ್ಮನಿರುವಂತಿಲ್ಲ. ಒಂದು ಸಲ ವೈದ್ಯರ ಬೆರಳೂ ಅದನ್ನು ಮುಟ್ಟಲಿ.

ನಾಲ್ಕನೆಯ ಹಂತ: ಜಾಗ ಯಾವುದೆಂದು ನೋಡಿ

ಎಷ್ಟು ದಿನ ಕಾಯಬಹುದು ಎಂಬುದು ಬಹುಮಟ್ಟಿಗೆ ಜಾಗದ ಮೇಲೆ ನಿಂತಿದೆ.

ಕುತ್ತಿಗೆ, ಕಂಕುಳು, ತೊಡೆಯ ಸಂದಿ ಈ ಮೂರರಲ್ಲಿ ದುಗ್ಧರಸ ಗ್ರಂಥಿಗಳಿವೆ. ದೇಹದ ಕಾವಲು ಚೌಕಿಗಳಂತೆ ಅವು. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಯ ಸಂದಿಯಲ್ಲಿ, ಹಲ್ಲು ಹುಳುಕಾದರೆ ದವಡೆಯ ಕೆಳಗೆ, ತಲೆಯಲ್ಲಿ ಹೇನು ಹುಣ್ಣಾದರೆ ಕಿವಿಯ ಹಿಂದೆ ಗಂಟು ಕಟ್ಟುತ್ತದೆ. ಮೂಲದ ಗಾಯ ವಾಸಿಯಾದಂತೆ ಎರಡು ಮೂರು ವಾರಗಳಲ್ಲಿ ಅದೂ ಇಳಿಯಬೇಕು. ಆದ್ದರಿಂದ ಗಂಟು ಕಂಡಾಗ ಆ ಗ್ರಂಥಿ ಕಾಯುವ ಭಾಗದಲ್ಲಿ, ಅಂದರೆ ಕಾಲು, ಕೈ, ಬಾಯಿ, ತಲೆಯಲ್ಲಿ ಗಾಯ ಹುಡುಕಿ.

ನಮ್ಮ ಕಾಡಂಚಿನವರು ಇಲ್ಲಿ ಇನ್ನೊಂದನ್ನು ಹುಡುಕಬೇಕು. ಜ್ವರದ ಜೊತೆ ಕಂಕುಳಲ್ಲೋ ಸಂದಿಯಲ್ಲೋ ಗಂಟು ಬಂದರೆ ಬಟ್ಟೆ ತೆಗೆದು ಸೊಂಟ, ಸಂದಿ, ಕಂಕುಳು, ಸ್ತನದ ಅಡಿ, ಕಿವಿಯ ಹಿಂಭಾಗ ಎಲ್ಲ ಕಡೆ ನೋಡಿ. ಸಿಗರೇಟಿನಿಂದ ಸುಟ್ಟಂತೆ ಕಾಣುವ, ನೋಯದ ಕಪ್ಪು ಹಕ್ಕಳೆ ಇದ್ದರೆ ಅದು ಸ್ಕ್ರಬ್ ಟೈಫಸ್‌ನ ಗುರುತಾಗಿರಬಹುದು. ಒಂದು ಬಗೆಯ ನುಸಿಯ ಸಣ್ಣ ಮರಿ ಕಚ್ಚಿ ಬರುವ ಈ ಜ್ವರಕ್ಕೆ ಸರಿಯಾದ ಮಾತ್ರೆ ಇದೆ, ಬೇಗ ಕೊಟ್ಟರೆ ಬೇಗ ಗುಣವಾಗುತ್ತದೆ. ಆ ಹಕ್ಕಳೆಯನ್ನು ವೈದ್ಯರಿಗೆ ತೋರಿಸಲು ನಾಚಿಕೊಂಡರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಮಂಗನ ಕಾಯಿಲೆ ಬೇರೆ, ಮಂಗನ ಬಾವು ಬೇರೆ. ಹೆಸರಿನ ಗೊಂದಲದಿಂದ ತೊಂದರೆಯಾಗುವುದನ್ನು ಕಂಡಿದ್ದೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಂಗನ ಬಾವಿನಲ್ಲಿ ಕಿವಿಯ ಮುಂದೆ, ಕೆಳಗೆ ಕೆನ್ನೆ ಊದುತ್ತದೆ. ಅದು ಮಕ್ಕಳಿಗೆ ಹೆಚ್ಚಾಗಿ ಬರುವ, ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ. ಮಂಗನ ಕಾಯಿಲೆ ಎಂದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ. ಉಣುಗು ಕಚ್ಚಿ ಬರುತ್ತದೆ, ಚಳಿಗಾಲದಿಂದ ಬೇಸಿಗೆಯ ತನಕ ಇದರ ಕಾಲ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಮುಖ್ಯ. ಕುತ್ತಿಗೆ ಕಂಕುಳಿನ ಗ್ರಂಥಿಗಳು ಊದಬಹುದು, ಆದರೆ ಅದು ಬದಿಯ ಲಕ್ಷಣ. ತೋಟಕ್ಕೋ, ದರಗು (ಒಣ ಎಲೆ) ತರಲು ಕಾಡಿಗೋ ಹೋಗಿ ಬಂದವರಿಗೆ ಹೀಗಾದರೆ ಗಂಟು ಇಳಿಯಲಿ ಎಂದು ಕಾಯದೆ, ಜ್ವರ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕುತ್ತಿಗೆಯ ಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಹಲವು ಗಂಟುಗಳು, ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು: ಹಿರಿಯರು ಗಂಡಮಾಲೆ ಎನ್ನುತ್ತಿದ್ದದ್ದು ಇದನ್ನೇ, ಹೆಚ್ಚಾಗಿ ಇದು ಗ್ರಂಥಿಯ ಕ್ಷಯ (ಟಿಬಿ). ಒಡೆದು ಸೋರಲೂಬಹುದು. ಗಂಟಿನ ಒಳಗಿನದನ್ನು ಸೂಜಿಯಿಂದ ಚೂರು ಎಳೆದು ನೋಡುವ ಸೂಜಿ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಪೋಷಣೆಗೆಂದು ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಶ್ವಾಸಕೋಶದಲ್ಲಿ ಕ್ಷಯವಿಲ್ಲದೆ ಗ್ರಂಥಿಯಲ್ಲಿ ಮಾತ್ರ ಇದ್ದರೆ ಅದು ಕೆಮ್ಮಿನಿಂದ ಹರಡುವುದಿಲ್ಲ. ಅಂಥವರ ತಟ್ಟೆ ಲೋಟ ಬೇರೆ ಇಡುವ ಕ್ರೌರ್ಯ ಬೇಡ. ರಾತ್ರಿ ಬೆವರು, ಜ್ವರ, ತೂಕ ಇಳಿಯುವುದು ಗ್ರಂಥಿಯ ಕ್ಯಾನ್ಸರಿನಲ್ಲೂ ಇರುತ್ತವೆ. ಎರಡರಲ್ಲಿ ಯಾವುದೆಂದು ಹೊರಗಿನಿಂದ ಯಾರೂ ಹೇಳಲಾರರು.

ಗಂಟಲ ಮುಂಭಾಗದ ಗಂಟು ನೀರು ನುಂಗುವಾಗ ಮೇಲೆ ಕೆಳಗೆ ಆಡಿದರೆ ಅದು ಥೈರಾಯ್ಡ್‌ಗೆ ಸಂಬಂಧಿಸಿದ್ದು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕು. ದನಿ ಗೊಗ್ಗರಾಗಿದ್ದರೆ ಬೇಗ ಹೋಗಿ. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕರೆ, ಕಡಲೆಕಾಳಿನಷ್ಟೇ ಇರಲಿ, ಎರಡು ವಾರವೂ ಕಾಯಬೇಡಿ. ಎದೆ, ಹೊಟ್ಟೆಯ ಒಳಗಿನ ಕಾಯಿಲೆ ಅಲ್ಲಿ ತಲೆಯೆತ್ತುವುದುಂಟು.

ಇನ್ನು ದವಡೆಯ ಕೆಳಗಿನ ಗಂಟು. ನಮ್ಮ ಅನ್ನ ಅಡಿಕೆಯದು, ಹಾಗಾಗಿ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯಬೇಕು. ಅಡಿಕೆ ಜಗಿಯುವುದು, ಹೊಗೆಸೊಪ್ಪಿಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ವರ್ಗೀಕರಿಸಿದೆ. ಕವಳ (ಎಲೆ ಅಡಿಕೆ) ಹಾಕುವವರು ತಿಂಗಳಿಗೊಮ್ಮೆ ಬೆಳಕಿಗೆ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿ ನೋಡಿಕೊಳ್ಳಬೇಕು. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಮೂರು ಬೆರಳು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ಇಡಲಾಗದಷ್ಟು ಬಾಯಿ ಬಿಗಿದಿರುವುದು, ಇವುಗಳಲ್ಲಿ ಯಾವುದಾದರೂ ಇದ್ದು ದವಡೆಯ ಕೆಳಗೆ ನೋವಿಲ್ಲದ ಗಂಟು ಕೂಡಿದ್ದರೆ ಆ ವಾರವೇ ಹೋಗಬೇಕು. ಹುಣ್ಣು ನೋಯುವುದಿಲ್ಲ ಎಂಬ ಮಾತು ಇಲ್ಲಿಯೂ ಮೋಸ ಮಾಡುತ್ತದೆ.

ಸ್ತನದ ಗಂಟಿನ ವಿಚಾರ. ಹರೆಯದ ಹೆಣ್ಣುಮಕ್ಕಳಲ್ಲಿ ಗೋಲಿಯಂತೆ ಜಾರುವ, ಅಪಾಯವಿಲ್ಲದ ಗಂಟು ಬಹಳ ಸಾಮಾನ್ಯ. ಮುಟ್ಟಿನ ಮೊದಲು ಸ್ತನ ಗಂಟುಗಂಟಾಗಿ ನೋಯುವುದೂ ಸಹಜ. ಆದ್ದರಿಂದ ಆ ತಿಂಗಳ ಮುಟ್ಟು ಮುಗಿದ ಮೇಲಿನ ದಿನಗಳಲ್ಲಿ ನೋಡಿಕೊಳ್ಳಿ. ಮುಟ್ಟು ಪೂರ್ತಿ ನಿಂತವರು ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಲಿ, ತಿಂಗಳ ಮೊದಲ ಏಕಾದಶಿಯೋ ಮೊದಲ ಸಂತೆಯ ದಿನವೋ, ನೆನಪುಳಿಯುವಂಥದ್ದು. ಸ್ನಾನದ ಹೊತ್ತಿನಲ್ಲಿ ಸೋಪಿನ ಕೈಯಿಂದ ಕಂಕುಳಿನ ತನಕ ಮುಟ್ಟಿ. ಕನ್ನಡಿಯಲ್ಲಿ ಚರ್ಮ ಗುಳಿ ಬಿದ್ದಿರುವುದು, ಕಿತ್ತಳೆ ಸಿಪ್ಪೆಯಂತೆ ಕಾಣುವುದು, ತೊಟ್ಟು ಹೊಸದಾಗಿ ಒಳಗೆ ಸರಿದಿರುವುದು, ರಕ್ತ ಸೋರುವುದು ಇದೆಯೇ ನೋಡಿ. ಹಾಲೂಡಿಸುವ ತಾಯಂದಿರಿಗೆ ಕೆಂಪಾಗಿ ನೋಯುವ ಗಂಟು, ಜ್ವರ ಬಂದರೆ ಅದು ಹೆಚ್ಚಾಗಿ ಹಾಲು ಕಟ್ಟಿದ್ದು. ಹಾಲೂಡಿಸುವುದನ್ನು ನಿಲ್ಲಿಸದೆ ವೈದ್ಯರನ್ನು ಕಾಣಿ. ಗಂಡಸರಿಗೂ ಸ್ತನದ ಕ್ಯಾನ್ಸರ್ ಅಪರೂಪಕ್ಕೆ ಬರುತ್ತದೆ, ಅವರಿಗೂ ಇದೇ ಮಾತು. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದಾಗ "ನನಗೇನಾಗಿದೆ" ಎಂದು ಕಳುಹಿಸಬೇಡಿ.

ವೃಷಣದಲ್ಲಿ ನೋವಿಲ್ಲದ ಗಟ್ಟಿ ಗಂಟು ಅಥವಾ ಭಾರ ಎನಿಸಿದ ಯುವಕರು ಅದೇ ವಾರ ತೋರಿಸಬೇಕು. ಇದು ಹರೆಯದವರಲ್ಲೇ ಹೆಚ್ಚಾಗಿ ಬರುವ ಕ್ಯಾನ್ಸರ್, ಬೇಗ ಸಿಕ್ಕರೆ ಗುಣವಾಗುವಂಥದ್ದು.

ಐದನೆಯ ಹಂತ: ಎರಡು ವಾರದ ಗಡುವು

ಮೇಲೆ ಹೇಳಿದ ಅವಸರದ ಲಕ್ಷಣಗಳಿಲ್ಲದ ಗಂಟಿಗೆ ನಾನು ಎಲ್ಲರಿಗೂ ಕೊಡುತ್ತಿದ್ದ ಗಡುವು ಎರಡು ವಾರ. ಕ್ಯಾಲೆಂಡರಿನ ಗುರುತಿನಿಂದ ಹದಿನಾಲ್ಕನೆಯ ಚೌಕಕ್ಕೆ ಇನ್ನೊಂದು ಗುರುತು ಹಾಕಿ. ಅಷ್ಟರೊಳಗೆ ಇಳಿಯುತ್ತ ಬಂದರೆ ಸರಿ. ಇಳಿಯದಿದ್ದರೆ, ಬೆಳೆದರೆ, ಎರಡನೆಯದು ಹುಟ್ಟಿದರೆ ಹೊರಡಿ. ಸ್ತನದ ಹೊಸ ಗಂಟಿಗೆ ಮಾತ್ರ ಒಂದು ಮುಟ್ಟಿನ ಚಕ್ರ ಕಾಯಬಹುದು, 30 ದಾಟಿದವರು ಅದನ್ನೂ ಕಾಯಬೇಡಿ. ಕೊಯಿಲು, ಮದುವೆ, ಗದ್ದೆ ನಾಟಿ, ಮಕ್ಕಳ ಪರೀಕ್ಷೆ ಇವೆಲ್ಲ ಪ್ರತಿ ವರ್ಷವೂ ಇರುತ್ತವೆ.

ಆರನೆಯ ಹಂತ: ಆ ಎರಡು ವಾರ ಮಾಡಬಾರದ್ದು

ಸೂಜಿ ಕಾಯಿಸಿ ಚುಚ್ಚಬಾರದು. ಕೇರುಬೀಜದ ಎಣ್ಣೆ ಹಚ್ಚಿ ಸುಡಬಾರದು. ಚರ್ಮ ಬೊಬ್ಬೆಯೆದ್ದು ಹುಣ್ಣಾದರೆ ಒಳಗಿನ ಗಂಟನ್ನು ವೈದ್ಯರು ಮುಟ್ಟಿ ನೋಡುವುದೂ ಕಷ್ಟ. ಸುಣ್ಣ ಬೆಲ್ಲದ ಪಟ್ಟು ಸಣ್ಣ ಕುರುವಿಗೆ ಹಾಕಿ ಬೆಳೆದವರು ನಾವು, ಆದರೆ ಕುರು ಯಾವುದು, ಗಡ್ಡೆ ಯಾವುದು ಎಂದು ಗೊತ್ತಿಲ್ಲದಾಗ ಅದೂ ಬೇಡ. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಕೆಲವು ಗ್ರಂಥಿಗಳು ತಾತ್ಕಾಲಿಕವಾಗಿ ಇಳಿದು, ನಿಜವಾದ ಕಾಯಿಲೆ ಮರೆಯಾಗಿಬಿಡುತ್ತದೆ.

ನಾಟಿ ಔಷಧದ ಬಗ್ಗೆ ನನಗೆ ಹಗೆತನವಿಲ್ಲ. ನಮ್ಮ ಮನೆಯಲ್ಲೂ ಕಷಾಯದ ಸೊಪ್ಪು ಒಣಗುತ್ತಿರುತ್ತದೆ. ನನ್ನ ಬೇಡಿಕೆ ಒಂದೇ: ಮೊದಲು ಗಂಟು ಯಾವುದೆಂದು ಪರೀಕ್ಷೆಯಾಗಲಿ. ಹೆಸರು ಗೊತ್ತಿಲ್ಲದ ಕಾಯಿಲೆಗೆ ಮೂರು ತಿಂಗಳ ಔಷಧ ಕುಡಿದರೆ ಆ ಮೂರು ತಿಂಗಳು ಹಿಂದಕ್ಕೆ ಬರುವುದಿಲ್ಲ.

ಏಳನೆಯ ಹಂತ: ಎಲ್ಲಿಗೆ, ಹೇಗೆ

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ತೋರಿಸಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೂ ಇದೆ. ಕ್ಯಾನ್ಸರ್ ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಾಗಾಗಿ ಆ ಚೀಟಿ ಜೋಪಾನ. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಸಂಶಯವಿದ್ದರೆ 104ಕ್ಕೆ ಕರೆ ಮಾಡಿ ಕೇಳಬಹುದು.

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಕಂಡ ತಾರೀಖು, ಆಗಿನ ಗಾತ್ರ, ಈಗಿನ ಗಾತ್ರ, ಜ್ವರ ಅಥವಾ ತೂಕ ಇಳಿದದ್ದು, ಕವಳ ಬೀಡಿಯ ಅಭ್ಯಾಸ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಮತ್ತು ನಾಟಿ ಔಷಧ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಥವಾ ಕ್ಷಯ ಇದ್ದದ್ದು. ವೈದ್ಯರ ಎದುರು ಕುಳಿತಾಗ ಅರ್ಧ ಮರೆತುಹೋಗುತ್ತದೆ. ಮಹಿಳಾ ವೈದ್ಯರೇ ನೋಡಲಿ ಎಂದು ಕೇಳುವ ಹಕ್ಕು ನಿಮಗಿದೆ. ಪುರುಷ ವೈದ್ಯರಿದ್ದರೆ ನರ್ಸ್ ಒಬ್ಬರು ಪಕ್ಕದಲ್ಲಿರಲಿ ಎಂದು ಹೇಳಿ.

ಮುಟ್ಟಿ ನೋಡಿದ ಮೇಲೆ ಸ್ಕ್ಯಾನಿಂಗ್, ಸ್ತನದ ಗಂಟಾದರೆ ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ ಎಂಬ ಎಕ್ಸ್‌ರೇ, ಆಮೇಲೆ ಸೂಜಿ ಪರೀಕ್ಷೆ ಅಥವಾ ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿ ಹೇಳಬಹುದು. ಇಲ್ಲಿಂದಲೇ ಎಷ್ಟೋ ಜನ ಹಿಂತಿರುಗಿ ಬರುತ್ತಾರೆ. "ಸೂಜಿ ತಾಗಿದರೆ ಹರಡುತ್ತದೆ, ಕಬ್ಬಿಣ ಸೋಕಬಾರದು" ಎಂಬ ಮಾತು ನಮ್ಮ ಊರುಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಓದಿದವರೂ ನಂಬುತ್ತಾರೆ. ಸರಿಯಾದ ಜಾಗದಲ್ಲಿ, ಸರಿಯಾದ ಕೈಯಿಂದ ಮಾಡಿದ ಸೂಜಿ ಪರೀಕ್ಷೆಯಿಂದ ಹರಡುವುದು ತೀರಾ ವಿರಳ. ವೃಷಣದಂಥ ಕಡೆ ಸೂಜಿ ಹಾಕಬಾರದೆಂದು ವೈದ್ಯರಿಗೇ ಗೊತ್ತಿದೆ, ಅಲ್ಲಿ ಅವರು ಬೇರೆ ಕ್ರಮ ಅನುಸರಿಸುತ್ತಾರೆ. ಸೂಜಿ ಹಾಕಿಸಿದ ಮೇಲೆ ಕಾಯಿಲೆ ಹೆಚ್ಚಾಯಿತು ಎಂದು ಜನ ಹೇಳುವ ಕಥೆಗಳಲ್ಲಿ ನಾನು ಬೆನ್ನುಹತ್ತಿ ವಿಚಾರಿಸಿದ್ದೆಲ್ಲವೂ ಮೊದಲೇ ತಡವಾಗಿ ಬಂದವರ ಕಥೆಗಳು.

ಎಂಟನೆಯ ಹಂತ: ವರದಿ ಕೈಗೆ ಬರುವ ತನಕ

ಗಂಟನ್ನು ಕತ್ತರಿಸಿ ತೆಗೆದರೆ "ಇದನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೀರಾ?" ಎಂದು ಕೇಳಿ. ಸಣ್ಣದೆಂದು ಬಿಸಾಡಲು ಬಿಡಬೇಡಿ. ಸೂಜಿ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ಮೇಲೂ ಗಂಟು ಬೆಳೆಯುತ್ತಿದ್ದರೆ ಮತ್ತೆ ಹೋಗಿ, ಸೂಜಿ ಒಮ್ಮೊಮ್ಮೆ ಸರಿಯಾದ ಜಾಗಕ್ಕೆ ತಾಗಿರುವುದಿಲ್ಲ. ವರದಿ, ಸ್ಕ್ಯಾನಿಂಗ್ ಫಿಲ್ಮ್, ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹೊಗೆ, ಇಬ್ಬನಿ ತಾಗದ ಕಡೆ ಇಡಿ. ಅಟ್ಟದಲ್ಲಿಟ್ಟ ಕಾಗದ ಒಂದು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ವರದಿ ಬರಲು ಸಾಮಾನ್ಯವಾಗಿ ಕೆಲವು ದಿನಗಳಾಗುತ್ತವೆ. ಸೂಜಿ ಹಾಕಿಸಿಕೊಂಡ ಧೈರ್ಯವಂತರೇ ವರದಿ ತರಲು ಹೋಗದೆ ಉಳಿದದ್ದನ್ನು ನೋಡಿದ್ದೇನೆ. ಶಿವಮೊಗ್ಗಕ್ಕೆ ಮತ್ತೊಂದು ದಿನದ ಕೂಲಿ ಬಿಟ್ಟು ಹೋಗಬೇಕು, ಮೇಲಾಗಿ ಹೆದರಿಕೆ. ಆದ್ದರಿಂದ ಆಸ್ಪತ್ರೆಯಿಂದ ಬಂದ ಸಂಜೆಯೇ, ಗಂಟು ಕಂಡ ದಿನ ಗುರುತು ಹಾಕಿದ ಅದೇ ಕ್ಯಾಲೆಂಡರಿನಲ್ಲಿ ವರದಿ ಸಿಗುವ ತಾರೀಖು ಬರೆದು, ತರಲು ಹೋಗುವವರ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಿರಿ.